ಒಂದು ಕೀಲಿಕೈಯ ಇತಿಹಾಸ

ಅಮೆರಿಕಕ್ಕೆ ಓದಲೆಂದೋ ಕೆಲಸಕ್ಕೆಂದೋ ಹೋದ ನನ್ನ ಹಳೆಯ ವಿದ್ಯಾರ್ಥಿಗಳು ಬರೆಯುತ್ತಿದ್ದ ಮೊದಮೊದಲ ಪತ್ರಗಳಲ್ಲಿ ಮೂರು ಸಂಗತಿಗಳು ತಪ್ಪದೆ ಇರುತ್ತಿದ್ದವು: ಅಲ್ಲಿಯ ಚಳಿ, ತಾವೇ ಮಾಡಿಕೊಂಡ ಅಡುಗೆ ಮತ್ತು ಹೊಸದಾಗಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಕಾರಿನ ಬಣ್ಣ, ಅದು ಓಡಿರುವ ಮೈಲಿ, ಚೌಕಾಶಿಯಲ್ಲಿ ಉಳಿಸಿದ ಡಾಲರು ಎಲ್ಲವೂ ವಿವರವಾಗಿ ಬರುತ್ತಿದ್ದವು. ಅದೇ ಕಾರನ್ನು ಮೊದಲು ಇಟ್ಟುಕೊಂಡಿದ್ದವರು ಅದರ ಬಗ್ಗೆ ಏನೆಂದು ದೂರಿದ್ದರು ಎಂಬುದು ಮಾತ್ರ ಯಾವ ಪತ್ರದಲ್ಲೂ ಇರುತ್ತಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲವೆನ್ನಿ. ಕಾರು ಕೈ ಬದಲಾಯಿಸುವಾಗ ಅದರ ದೋಷವೂ ಜೊತೆಗೆ ಹೋಗುತ್ತದೆ. ದೂರುಗಳು ಹಳೆಯ ಮಾಲೀಕನ ಬಳಿಯಲ್ಲೋ ಕಂಪನಿಯ ಕಡತದಲ್ಲೋ ಉಳಿದುಬಿಡುತ್ತವೆ.

ಚರಿತ್ರೆಯ ಮೇಷ್ಟರಾಗಿದ್ದವನಿಗೆ ಅರಸರ ವಂಶಾವಳಿಯಂತೆಯೇ ವಸ್ತುಗಳ ವಂಶಾವಳಿಯೂ ಕುತೂಹಲದ ವಿಷಯ. ಹಾಗಾಗಿ ಈ ಸಲ ಷೆವ್ರೊಲೆ ಕೋಬಾಲ್ಟ್ ಎಂಬ ಸಣ್ಣ ಕಾರಿನ ಕಥೆಯನ್ನು ಬರೆಯುತ್ತಿದ್ದೇನೆ. ಇದು ನಮ್ಮ ದೇಶದಲ್ಲಿ ಮಾರಾಟವಾದ ಕಾರಲ್ಲ. ಜನರಲ್ ಮೋಟಾರ್ಸ್ ಕಂಪನಿ ಓಹಾಯೊ ರಾಜ್ಯದ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ 2004ರಿಂದ 2010ರವರೆಗೆ ತಯಾರಿಸಿದ, ಬೆಲೆ ಕಡಿಮೆಯೆಂದೇ ಹೆಸರಾದ ಕಾರು. ಕಾಲೇಜು ಸೇರಿದ ಮಗಳಿಗೆ ತಂದೆ ಕೊಡಿಸುವಂಥದು, ಮೊದಲ ಸಂಬಳದಲ್ಲಿ ಕಂತು ಕಟ್ಟಿ ಕೊಳ್ಳುವಂಥದು.

ಕೋಬಾಲ್ಟಿಗೆ ಬರುವ ಮುನ್ನ ಅದೇ ಕಂಪನಿಯ ಇನ್ನೊಂದು ಸಣ್ಣ ಕಾರನ್ನು ನೆನೆಯಬೇಕು. 1960ರ ಮಾದರಿಯಾಗಿ ಬಂದ ಷೆವ್ರೊಲೆ ಕಾರ್ವೇರ್ ಕಾರಿಗೆ ಎಂಜಿನ್ ಇದ್ದದ್ದು ಹಿಂಭಾಗದಲ್ಲಿ. ತಿರುವುಗಳಲ್ಲಿ ಅದರ ಹಿಂಗಾಲಿಗಳು ಒಳಮುಖವಾಗಿ ಮಡಿಚಿಕೊಂಡು ಕಾರು ಹತೋಟಿ ತಪ್ಪುತ್ತದೆಂದು ದೂರುಗಳು ಬಂದವು, ಮೊಕದ್ದಮೆಗಳೂ ಬಂದವು. 1965ರ ನವೆಂಬರಿನಲ್ಲಿ ರಾಲ್ಫ್ ನೇಡರ್ ಎಂಬ 31 ವರ್ಷದ ವಕೀಲ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಎಂಬ ಪುಸ್ತಕ ಪ್ರಕಟಿಸಿದ. ಅದರ ಮೊದಲ ಅಧ್ಯಾಯವೇ ಕಾರ್ವೇರ್ ಕುರಿತದ್ದು. ಕಂಪನಿ ಅವನ ಹಿಂದೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಆ ಸಂಗತಿ ಬಯಲಾಗಿ, 1966ರ ಮಾರ್ಚಿನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಷ್ ಸೆನೆಟ್ ಉಪಸಮಿತಿಯ ಮುಂದೆ ಕ್ಷಮೆ ಯಾಚಿಸಬೇಕಾಯಿತು. ವಿಚಿತ್ರವೆಂದರೆ, 1972ರಲ್ಲಿ ಸರ್ಕಾರವೇ ನಡೆಸಿದ ಪರೀಕ್ಷೆಯ ವರದಿ, ಕಾರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯೇನಲ್ಲ ಎಂದಿತು. ಆ ವೇಳೆಗೆ ಕಾರು ನಿಂತುಹೋಗಿತ್ತು. ಆದರೆ ಅದರ ಗದ್ದಲದಿಂದ ಹುಟ್ಟಿದ 1966ರ ಮೋಟಾರು ಸುರಕ್ಷತಾ ಕಾನೂನು ಉಳಿಯಿತು.

ಆ ಕಾನೂನಿನ ಒಂದು ಮಾತು ನನ್ನ ಗಮನ ಸೆಳೆಯುತ್ತದೆ. ದೋಷ ಕಂಡುಬಂದರೆ ತಯಾರಕನು ಸರ್ಟಿಫೈಡ್ ಅಂಚೆಯ ಮೂಲಕ ತಿಳಿಸಬೇಕಾದದ್ದು ಕಾರಿನ ಮೊದಲ ಖರೀದಿದಾರನಿಗೆ. ಎರಡನೆಯವನಿಗೆ ವಾರಂಟಿ ವರ್ಗವಾಗಿದ್ದರೆ ಮಾತ್ರ ಅವನಿಗೂ ತಿಳಿಸಬೇಕು. ಹಳೆಯ ಕಾರು ಕೊಂಡವನು ಎಂಟು ವರ್ಷ ಕಾನೂನಿನ ಕಣ್ಣಿಗೇ ಬೀಳಲಿಲ್ಲ. ರಾಜ್ಯದ ದಾಖಲೆಯಲ್ಲಿ ಮಾಲೀಕನೆಂದು ಹೆಸರಿರುವ ಪ್ರತಿಯೊಬ್ಬನಿಗೂ ಪತ್ರ ಹೋಗಬೇಕು, ದುರಸ್ತಿ ಉಚಿತವಾಗಿ ಆಗಬೇಕು ಎಂಬ ನಿಯಮ ಬಂದದ್ದು 1974ರಲ್ಲಿ. ಉಚಿತ ದುರಸ್ತಿಗೂ ಮಿತಿಯಿತ್ತು: ಮೊದಲ ಮಾರಾಟದಿಂದ 8 ವರ್ಷ. 2000ದಲ್ಲಿ ಅದು 10 ಆಯಿತು, 2015ರಲ್ಲಿ 15.

ಈಗ ಕೋಬಾಲ್ಟ್. ಇಡೀ ಕಥೆ ನಿಂತಿರುವುದು ಕೀಲಿಕೈ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಮೇಲೆ. ಅದರೊಳಗೆ ಒಂದು ಪುಟ್ಟ ಸ್ಪ್ರಿಂಗ್, ಅದರ ತುದಿಗೆ ಒಂದು ಮೊಳೆಯಂಥ ಕಡ್ಡಿ. ಕೀಲಿಯನ್ನು ‘ಓಡು’ ಎಂಬ ಸ್ಥಾನಕ್ಕೆ ತಿರುಗಿಸಿದಾಗ ಈ ಕಡ್ಡಿ ಒಂದು ತಗ್ಗಿನಲ್ಲಿ ಕೂತು, ಕೀಲಿ ಹಿಂದಕ್ಕೆ ಜಾರದಂತೆ ಹಿಡಿದಿರಬೇಕು. ಡೆಲ್ಫೈ ಎಂಬ ಕಂಪನಿ ಪೂರೈಸಿದ ಸ್ವಿಚ್ಚಿನಲ್ಲಿ ಈ ಹಿಡಿತ ನಿಗದಿಯಾದ ಕನಿಷ್ಠ ಪ್ರಮಾಣಕ್ಕಿಂತಲೂ ಸಡಿಲವಾಗಿತ್ತು. ಹಾಗಿದ್ದೂ 2002ರಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಸ್ವಿಚ್ಚಿನ ಹೊಣೆ ಹೊತ್ತಿದ್ದ ಎಂಜಿನಿಯರ್ ಬೇರೆ ಬೇರೆ ತೊಂದರೆಗಳಿಂದ ಬೇಸತ್ತು, ಒಂದು ಮಿಂಚಂಚೆಯಲ್ಲಿ ಅದನ್ನು ‘ನರಕದ ಸ್ವಿಚ್’ ಎಂದೇ ಕರೆದಿದ್ದ.

ಹಿಡಿತ ಸಡಿಲವಾದರೆ ಏನಾಗುತ್ತದೆ? ಗೊಂಚಲಿನಲ್ಲಿ ನಾಲ್ಕು ಕೀಲಿಗಳು ಹೆಚ್ಚಾಗಿದ್ದು ರಸ್ತೆಯ ಗುಂಡಿಗೆ ಕಾರು ಎಗರಿದರೆ, ಅಥವಾ ಚಾಲಕನ ಮೊಣಕಾಲು ತಾಗಿದರೆ, ಕೀಲಿ ತಾನಾಗಿ ಒಂದು ಮೆಟ್ಟಿಲು ಹಿಂದಕ್ಕೆ ಜಾರುತ್ತದೆ. ಓಡುತ್ತಿರುವ ಕಾರಿನ ಎಂಜಿನ್ ನಿಲ್ಲುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಎಂಜಿನ್ನಿನ ನೆರವು ತಪ್ಪುತ್ತದೆ. ಇಷ್ಟು ಚಾಲಕನ ಅನುಭವಕ್ಕೆ ಬರುವಂಥದು. ಬಾರದಿರುವುದು ಇನ್ನೊಂದಿತ್ತು: ಏರ್‌ಬ್ಯಾಗನ್ನು ಉಬ್ಬಿಸುವ ಯಂತ್ರಕ್ಕೂ ಅದೇ ಕ್ಷಣ ವಿದ್ಯುತ್ ನಿಂತುಹೋಗುತ್ತಿತ್ತು.

ದೂರುಗಳು ತಡವಾಗಿ ಬಂದವೆಂದು ಯಾರೂ ಹೇಳುವಂತಿಲ್ಲ. ಕಾರು ಮಾರುಕಟ್ಟೆಗೆ ಬರುವ ಹೊತ್ತಿಗೇ, 2004ರಲ್ಲಿ, ಕಂಪನಿಯ ಎಂಜಿನಿಯರನ ಮೊಣಕಾಲು ತಾಗಿ ಕಾರು ನಿಂತದ್ದುಂಟು. 2005ರಲ್ಲಿ ಪತ್ರಿಕೆಗಳಲ್ಲಿ ಕಾರು ವಿಮರ್ಶೆ ಬರೆಯುವವರೂ ಇದನ್ನು ಬರೆದರು. ನ್ಯೂಯಾರ್ಕ್ ಟೈಮ್ಸ್‌ನಲ್ಲೇ ಅದು ಬಂತು. ಆಗ ಕಂಪನಿಯ ಒಳಗೆ ಕೇಳಿದ ಪ್ರಶ್ನೆ ಒಂದೇ: ಈ ದೂರನ್ನು ಯಾವ ಖಾನೆಯಲ್ಲಿ ಬರೆಯಬೇಕು? ‘ಸುರಕ್ಷತೆ’ ಎಂಬ ಖಾನೆಯಲ್ಲಿ ಬರೆದರೆ ಖರ್ಚಿನ ಲೆಕ್ಕ ಕೇಳುವಂತಿಲ್ಲ, ಸರಿಪಡಿಸಲೇಬೇಕು. ‘ಗ್ರಾಹಕರ ಅನುಕೂಲ’ ಎಂಬ ಖಾನೆಯಲ್ಲಿ ಬರೆದರೆ ಲಾಭ ನಷ್ಟ ತೂಗಿ ನೋಡಬಹುದು. ಅವರು ಬರೆದದ್ದು ಎರಡನೆಯದರಲ್ಲಿ. ಎಂಜಿನ್ ನಿಂತರೂ ಕಾರನ್ನು ರಸ್ತೆಯ ಪಕ್ಕಕ್ಕೆ ತರಬಹುದಲ್ಲ, ಆದ್ದರಿಂದ ಇದು ಅನಾನುಕೂಲವೇ ಹೊರತು ಅಪಾಯವಲ್ಲ ಎಂಬುದು ಅವರ ತರ್ಕ. 2005ರ ಮಾರ್ಚಿನಲ್ಲಿ, ಯಾವ ಪರಿಹಾರವೂ ವ್ಯಾಪಾರದ ದೃಷ್ಟಿಯಿಂದ ಒಪ್ಪುವಂಥದಲ್ಲವೆಂದು ಷರಾ ಬರೆದು ಕಡತ ಮುಚ್ಚಲಾಯಿತು. ಮುಂದೆ 2014ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಆ ಬಿಡಿಭಾಗದ ಖರ್ಚಿನ ಮಾತು ಬಂದಾಗ ಪ್ರಸ್ತಾಪವಾದ ಅಂಕಿ 57 ಸೆಂಟ್.

ಏರ್‌ಬ್ಯಾಗಿನ ಸಂಗತಿ ಆ ತರ್ಕ ಮಾಡಿದವರ ತಲೆಯಲ್ಲಿ ಸುಳಿಯಲೇ ಇಲ್ಲ ಎಂಬುದು ನಂಬಲು ಕಷ್ಟ, ಆದರೆ ತನಿಖಾ ವರದಿ ಹೇಳುವುದು ಹಾಗೆಯೇ. ಎಂಜಿನ್ ವಿಭಾಗದವರಿಗೆ ಏರ್‌ಬ್ಯಾಗ್ ತಿಳಿಯದು, ಏರ್‌ಬ್ಯಾಗ್ ವಿಭಾಗದವರಿಗೆ ಸ್ವಿಚ್ ತಿಳಿಯದು. 2005ರ ಡಿಸೆಂಬರಿನಲ್ಲಿ ಕಂಪನಿ ತನ್ನ ಡೀಲರುಗಳಿಗೆ ಒಂದು ಸುತ್ತೋಲೆ ಕಳಿಸಿತು: ದೂರು ಹೇಳಿಕೊಂಡು ಬಂದವರಿಗೆ ಗೊಂಚಲಿನಿಂದ ಅನಗತ್ಯ ವಸ್ತುಗಳನ್ನು ತೆಗೆಯಲು ಹೇಳಿ, ಕೀಲಿಯ ಉದ್ದ ರಂಧ್ರಕ್ಕೆ ಒಂದು ಬಿರಡೆ ಕೊಡಿ. ದೂರದಿರುವವರಿಗೆ ಏನೂ ಇಲ್ಲ. ಆ ಕಾರನ್ನು ಮುಂದೆ ಕೊಳ್ಳಲಿದ್ದವರಿಗಂತೂ ಏನೂ ಇಲ್ಲ. ಅದೇ ವರ್ಷದ ಜುಲೈನಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಕೋಬಾಲ್ಟ್ ಅಪಘಾತದಲ್ಲಿ ಸತ್ತಿದ್ದಳು, ಏರ್‌ಬ್ಯಾಗ್ ಉಬ್ಬಿರಲಿಲ್ಲ.

ಈ ಎರಡು ತುಂಡುಗಳನ್ನು ಮೊದಲು ಜೋಡಿಸಿದವನು ಎಂಜಿನಿಯರನಲ್ಲ, ಒಬ್ಬ ಹೆದ್ದಾರಿ ಪೊಲೀಸ್. 2006ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ನಡೆದ ಒಂದು ಅಪಘಾತವನ್ನು ತನಿಖೆ ಮಾಡಿದ ಈತ, ಕೀಲಿ ಹಿಂದಿನ ಸ್ಥಾನಕ್ಕೆ ಜಾರಿತ್ತು, ಏರ್‌ಬ್ಯಾಗುಗಳು ಉಬ್ಬಿರಲಿಲ್ಲ ಎಂಬುದನ್ನು ಕಂಡು, 2005ರ ಆ ಸುತ್ತೋಲೆಯನ್ನು ಹುಡುಕಿ ಓದಿ, ಎರಡಕ್ಕೂ ಸಂಬಂಧವಿದೆಯೆಂದು 2007ರ ಫೆಬ್ರುವರಿಯಲ್ಲಿ ವರದಿ ಬರೆದ. ವರದಿಯ ಪ್ರತಿ ಅದೇ ವರ್ಷ ಕಂಪನಿಯ ಕಡತ ಸೇರಿತು. ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಗೂ ತಲುಪಿತು. ಇಬ್ಬರೂ ಅದನ್ನು ಓದಬೇಕಾದಂತೆ ಓದಲಿಲ್ಲ. ಕೋಬಾಲ್ಟ್ ಬಗ್ಗೆ ತನಿಖೆ ಆಗಬೇಕೆಂಬ ಸಲಹೆ ಇಲಾಖೆಯಲ್ಲಿ ಎದ್ದದ್ದೂ 2007ರಲ್ಲೇ. ಅದೇ ನವೆಂಬರಿನಲ್ಲಿ ಬೇಡವೆಂದು ತೀರ್ಮಾನವಾಯಿತು. ಆ ಪೊಲೀಸನ ಬಗ್ಗೆ ನನಗೆ ಅಪಾರ ಗೌರವ. ಪಠ್ಯದ ಎರಡು ಬೇರೆ ಪಾಠಗಳನ್ನು ತಾನೇ ಸೇರಿಸಿ ಓದಿಕೊಂಡು ಉತ್ತರ ಬರೆಯುವ ಹುಡುಗ ತರಗತಿಗೊಬ್ಬನೂ ಸಿಗುವುದು ಅಪರೂಪ.

ಇಷ್ಟರಲ್ಲಿ, 2006ರ ಏಪ್ರಿಲಿನಲ್ಲಿ, ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಅದೇ ಎಂಜಿನಿಯರ್ ಸ್ವಿಚ್ಚಿನ ಸ್ಪ್ರಿಂಗನ್ನೂ ಕಡ್ಡಿಯನ್ನೂ ಉದ್ದ ಮಾಡಿ ಬಿಗಿಗೊಳಿಸುವ ಬದಲಾವಣೆಗೆ ಸಹಿ ಹಾಕಿದ. ವಸ್ತು ಬದಲಾದರೆ ಅದರ ಬಿಡಿಭಾಗದ ಸಂಖ್ಯೆಯೂ ಬದಲಾಗಬೇಕು. ಆದರೆ ಸಂಖ್ಯೆ ಬದಲಾಗಲಿಲ್ಲ. ಹೀಗಾಗಿ ಸುಮಾರು 2007ರಿಂದ ಈಚೆಗೆ ತಯಾರಾದ ಕಾರುಗಳಲ್ಲಿ ತೊಂದರೆ ಏಕೆ ಕಾಣುತ್ತಿಲ್ಲ ಎಂಬುದು ಕಂಪನಿಯ ತನಿಖೆಗಾರರಿಗೇ ವರ್ಷಗಟ್ಟಲೆ ಒಗಟಾಯಿತು. ಅದನ್ನು ಬಿಡಿಸಿದ್ದು 2013ರಲ್ಲಿ, ಕಂಪನಿಯ ಹೊರಗಿನವರು. ಜಾರ್ಜಿಯಾ ರಾಜ್ಯದಲ್ಲಿ 2010ರಲ್ಲಿ ತೀರಿಕೊಂಡ ಒಬ್ಬ ತರುಣಿಯ ತಂದೆತಾಯಿ ಹೂಡಿದ ಮೊಕದ್ದಮೆಯಲ್ಲಿ ಅವರ ವಕೀಲರು ಒಬ್ಬ ಎಂಜಿನಿಯರನ್ನು ನೇಮಿಸಿಕೊಂಡರು. ಆತ ಹಳೆಯ ಸ್ವಿಚ್ಚನ್ನೂ ಡೀಲರ್ ಬಳಿ ಕೊಂಡ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ಅಳೆದ. ಸಂಖ್ಯೆ ಒಂದೇ, ಕಡ್ಡಿಯ ಉದ್ದ ಬೇರೆ. ವ್ಯತ್ಯಾಸ ಎರಡು ಮಿಲಿಮೀಟರಿಗಿಂತಲೂ ಕಡಿಮೆ.

2014ರ ಫೆಬ್ರುವರಿಯಲ್ಲಿ ಕಾರುಗಳನ್ನು ರೀಕಾಲ್ ಮಾಡುವ, ಅಂದರೆ ಹಿಂದಕ್ಕೆ ಕರೆಸಿ ದುರಸ್ತಿ ಮಾಡಿಕೊಡುವ, ಘೋಷಣೆ ಹೊರಟಿತು. ಮೊದಲು ಎಂಟು ಲಕ್ಷದೊಳಗಿದ್ದ ಸಂಖ್ಯೆ ಮಾರ್ಚ್ ಮುಗಿಯುವಷ್ಟರಲ್ಲಿ 26 ಲಕ್ಷವಾಯಿತು. ಹೀಗೆ ಹಿಗ್ಗಲು ಒಂದು ಕಾರಣ ಆ ಬದಲಾಗದ ಸಂಖ್ಯೆಯೇ: ಹೊಸ ಕಾರುಗಳಲ್ಲಿ ಸ್ವಿಚ್ ಕೆಟ್ಟಾಗ ದುರಸ್ತಿಗೆ ಹಳೆಯ ದಾಸ್ತಾನಿನ ಸಡಿಲ ಸ್ವಿಚ್ಚನ್ನೇ ಹಾಕಿರುವ ಸಾಧ್ಯತೆ ಇತ್ತು, ಹಾಕಿದ್ದು ಯಾವುದೆಂದು ಬಿಲ್ಲು ನೋಡಿ ಹೇಳುವಂತಿರಲಿಲ್ಲ. ಮೊದಲು ಹದಿಮೂರು ಸಾವು ಎನ್ನುತ್ತಿದ್ದ ಲೆಕ್ಕವೂ ಬೆಳೆಯಿತು. ಕೆನೆತ್ ಫೈನ್‌ಬರ್ಗ್ ನಡೆಸಿದ ಪರಿಹಾರ ನಿಧಿ ಕೊನೆಗೆ 124 ಸಾವುಗಳಿಗೂ 275 ಗಾಯಾಳುಗಳಿಗೂ ಪರಿಹಾರ ಒಪ್ಪಿಕೊಂಡಿತು. 2015ರಲ್ಲಿ ನ್ಯಾಯ ಇಲಾಖೆಗೆ ಕಂಪನಿ ಕಟ್ಟಲೊಪ್ಪಿದ್ದು 90 ಕೋಟಿ ಡಾಲರು.

ಕಂಪನಿಯೇ ನೇಮಿಸಿದ ಆಂಟನ್ ವಲುಕಸ್ ಎಂಬ ವಕೀಲರ ತನಿಖಾ ವರದಿ 2014ರಲ್ಲಿ ಹೊರಬಂತು, 300 ಪುಟಗಳಿಗೂ ಹೆಚ್ಚು. ಸಭೆಗಳಲ್ಲಿ ಎಲ್ಲರೂ ತಲೆಯಾಡಿಸಿ, ಎದ್ದು ಹೋದ ಮೇಲೆ ಯಾರೂ ಏನೂ ಮಾಡದಿರುವ ಪದ್ಧತಿಗೆ ಅಲ್ಲಿ ಒಂದು ಅಡ್ಡಹೆಸರೇ ಇತ್ತಂತೆ. ನನ್ನಂಥ ಪಾಠದ ಮನುಷ್ಯನನ್ನು ಹೆಚ್ಚು ಕಾಡಿದ್ದು ಅದೇ ವರ್ಷ ಸರ್ಕಾರ ಬಯಲಿಗಿಟ್ಟ ಇನ್ನೊಂದು ದಾಖಲೆ. 2008ರಲ್ಲಿ ಕಂಪನಿಯ ನೌಕರರಿಗೆ ವರದಿ ಬರೆಯುವುದನ್ನು ಕಲಿಸುವಾಗ ಬಳಸಬಾರದ ಪದಗಳ ಪಟ್ಟಿಯನ್ನು ಕೊಡಲಾಗಿತ್ತು, ಒಟ್ಟು 69. ‘ಸಾವಿನ ಬೋನು’, ‘ಉರುಳುವ ಶವಪೆಟ್ಟಿಗೆ’ ಎಂಬಂಥವು ಬೇಡವೆಂದರೆ ಅರ್ಥವಾಗುತ್ತದೆ. ಆದರೆ ‘ದೋಷ’ ಎಂದೂ ಬರೆಯಬಾರದು, ‘ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ’ ಎನ್ನಬೇಕು. ‘ಸಮಸ್ಯೆ’ ಎನ್ನಬಾರದು, ‘ಸ್ಥಿತಿ’ ಎನ್ನಬೇಕು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರೆಂದು ಕೆಂಪು ಶಾಯಿ ಚೆಲ್ಲಿದವನು ನಾನು. ದೊಡ್ಡವರ ಶಾಲೆಯೊಂದರಲ್ಲಿ ಇದಕ್ಕೆ ತದ್ವಿರುದ್ಧವಾದ ಪಾಠ ನಡೆಯುತ್ತಿತ್ತೆಂದು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ.

ಈ ಒಂಬತ್ತು ವರ್ಷಗಳಲ್ಲಿ ಕಾರುಗಳು ಎಲ್ಲಿದ್ದವು ಎಂಬುದನ್ನು ಮರೆಯಬಾರದು. ಹೊಸದಾಗಿ ಕೊಂಡವರಲ್ಲಿ ಅನೇಕರು ಅಷ್ಟರಲ್ಲಿ ಮಾರಿಬಿಟ್ಟಿದ್ದರು. ಎರಡನೆಯ, ಮೂರನೆಯ ಮಾಲೀಕರು ಅವನ್ನು ಓಡಿಸುತ್ತಿದ್ದರು. ಕಾನೂನೂ ಇವರಿಗೆ ತೊಡಕೊಡ್ಡಿತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯೆದ್ದು, ಹಳೆಯ ಕಂಪನಿಯ ಆಸ್ತಿಯನ್ನು ಹೊಸ ಕಂಪನಿ ಹಳೆಯ ಹೊಣೆಗಳಿಲ್ಲದೆ ಕೊಂಡುಕೊಂಡಿತ್ತು. ಹಾಗಾದರೆ ಹಳೆಯ ಸ್ವಿಚ್ಚಿನ ಹೊಣೆ ಯಾರದು? ದೋಷವನ್ನು ತಿಳಿದಿದ್ದೂ ಮಾಲೀಕರಿಗೆ ತಿಳಿಸಲಿಲ್ಲವಾದ್ದರಿಂದ, ದಿವಾಳಿಯ ನೆಪದಿಂದ ಅವರ ಮೊಕದ್ದಮೆಯನ್ನು ತಡೆಯಲಾಗದೆಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಸುಪ್ರೀಂ ಕೋರ್ಟು 2017ರಲ್ಲಿ ಅದರಲ್ಲಿ ಕೈಹಾಕಲು ನಿರಾಕರಿಸಿತು.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ಒಂದು ವಿಷಯ ತಿಳಿದಿರಬೇಕು. ರೀಕಾಲ್ ಆಗಿ ದುರಸ್ತಿಯಾಗದ ಹೊಸ ಕಾರನ್ನು ಡೀಲರ್ ಮಾರುವಂತಿಲ್ಲ. 2015ರ ಕಾನೂನಿನ ಪ್ರಕಾರ ದೊಡ್ಡ ಬಾಡಿಗೆ ಕಂಪನಿಗಳು ಅಂಥದನ್ನು ಬಾಡಿಗೆಗೆ ಕೊಡುವಂತಿಲ್ಲ. ಹಳೆಯ ಕಾರನ್ನು ಹಾಗೆ ಮಾರುವುದಕ್ಕೆ ಮಾತ್ರ ಕೇಂದ್ರ ಕಾನೂನಿನಲ್ಲಿ ಅಂಥ ಅಡ್ಡಿ ಬರಲಿಲ್ಲ. ಮುಂಗಾಜಿನ ಮೂಲೆಯಲ್ಲಿ ಕಾಣುವ 17 ಅಕ್ಷರ ಅಂಕಿಗಳ ಸಂಖ್ಯೆಯನ್ನು ಸರ್ಕಾರದ ತಾಣದಲ್ಲಿ ಕೊಂಡುಕೊಳ್ಳುವವನೇ ಹಾಕಿ ನೋಡಬೇಕು.

ನಮ್ಮ ದೇಶದಲ್ಲಿ 2012ರಿಂದ ತಯಾರಕರ ಸಂಘದ ಸ್ವಯಂಪ್ರೇರಿತ ಸಂಹಿತೆಯೊಂದಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಕಲಮು ಸೇರಿ, ಕಾರುಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಬಂತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಈ ನಿಯಮಗಳು ಅನ್ವಯವಾಗುವುದು ತಯಾರಾಗಿ ಏಳು ವರ್ಷ ತುಂಬದ ವಾಹನಗಳಿಗೆ. ಕೋಬಾಲ್ಟಿನ ಸಡಿಲ ಸ್ವಿಚ್ ಕಾರುಗಳಲ್ಲಿ ಸೇರತೊಡಗಿದ್ದು 2004ರಲ್ಲಿ, ಕರೆ ಬಂದದ್ದು 2014ರಲ್ಲಿ. ಏಳು ವರ್ಷದ ಲೆಕ್ಕ ಹಿಡಿದರೆ 2004, 2005, 2006ರಲ್ಲಿ ತಯಾರಾದವೆಲ್ಲ ಆ ಹೊತ್ತಿಗೆ ಹೊರಗುಳಿದಿರುತ್ತಿದ್ದವು.