ಪದ ಪರಿಚಯ: ಕೂಲಿ

ಕೂಲಿ ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳಂ, ತೆಲುಗಿನಲ್ಲೂ ಇದೆ. ದುಡಿಮೆಗೆ ಕೊಡುವ ಹಣ ಎಂದು ಅರ್ಥ. ದುಡಿಯುವವರನ್ನೂ ಹಾಗೆಂದೇ ಕರೆಯುವ ರೂಢಿ ಬಂತು. ಆರ್ಥಿಕ ಅಂಕಿಅಂಶಗಳಲ್ಲಿ ಇದರ ಬಂಧು ‘ಘಟಕ ಕಾರ್ಮಿಕ ವೆಚ್ಚ’. ಒಂದು ಉದ್ಯಮ ದುಡಿಮೆಗೆ ತೆತ್ತ ಒಟ್ಟು ಹಣವನ್ನು, ಬೆಲೆಯೇರಿಕೆ ಕಳೆದ ಉತ್ಪನ್ನದಿಂದ ಭಾಗಿಸಿದರೆ ಸಿಗುವ ಮೊತ್ತ. 600 ರೂಪಾಯಿ ದಿನಗೂಲಿಗೆ 10 ಅಂಗಿ ಹೊಲಿದರೆ ಅಂಗಿಗೆ 60; 800ಕ್ಕೆ 20 ಹೊಲಿದರೆ 40. ಕೂಲಿ ಏರಿತು, ವೆಚ್ಚ ಇಳಿಯಿತು! ಕೂಲಿ ಹೆಚ್ಚಿಸಿದರೆ ಕಾರ್ಖಾನೆ ಮುಳುಗುತ್ತದೆ ಎಂಬ ಮಾತನ್ನು ಈ ಲೆಕ್ಕ ನೋಡದೆ ಒಪ್ಪಲೇಬಾರದು. ನಮ್ಮಲ್ಲಿ ನೋಂದಾಯಿತ ಕಾರ್ಖಾನೆಗಳ ಸಂಬಳದ ವಿವರ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲಿ ಸಿಗುತ್ತದೆ. ಬೇಸಾಯದ ಕಷ್ಟ ಬೇರೆ: ಸ್ವಂತ ಹೊಲದಲ್ಲಿ ದುಡಿಯುವ ರೈತನಿಗೂ ಅವನ ಮನೆಯವರಿಗೂ ಕೂಲಿ ಕೊಡುವವರಿಲ್ಲ, ಅವರ ದುಡಿಮೆಯ ಬೆಲೆಯನ್ನು ಅಂದಾಜಿಸಿಯೇ ಸೇರಿಸಬೇಕು.