ಗಣಕಯಂತ್ರದಲ್ಲಿ ಡಿ.ಎನ್.ಎಸ್. ಸರ್ವರ್ ಆಯ್ಕೆ: ನಾಗರಿಕರಿಗೆ ಮಾಹಿತಿ

ಡಿ.ಎನ್.ಎಸ್. ಎಂದರೇನು?

ಅಂತರಜಾಲ ತಾಣದ ಹೆಸರನ್ನು ಅದರ ಸಂಖ್ಯಾ ವಿಳಾಸಕ್ಕೆ ಪರಿವರ್ತಿಸಿಕೊಡುವ ವ್ಯವಸ್ಥೆಯೇ ಡಿ.ಎನ್.ಎಸ್. ಇದನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ರೂಪಿಸಿದರು. ಬಳಕೆದಾರರ ಪರವಾಗಿ ವಿಳಾಸವನ್ನು ಹುಡುಕಿಕೊಡುವ ಸರ್ವರಿಗೆ ರಿಸಾಲ್ವರ್ ಎಂದು ಹೆಸರು. ಆನ್‌ಲೈನ್ ಅರ್ಜಿ ಸಲ್ಲಿಸುವವರು ನೈಜ ತಾಣವನ್ನು ತಲುಪುವುದು ಇದರ ಉತ್ತರವನ್ನು ಅವಲಂಬಿಸಿರುತ್ತದೆ.

ಲಭ್ಯವಿರುವ ಆಯ್ಕೆಗಳು

1. ಅಂತರಜಾಲ ಸಂಪರ್ಕ ಸಂಸ್ಥೆಯ ರಿಸಾಲ್ವರ್: ಸೆಟ್ಟಿಂಗ್ ಬದಲಾಯಿಸದಿದ್ದಲ್ಲಿ ಸಾಮಾನ್ಯವಾಗಿ ಇದೇ ಬಳಕೆಯಾಗುತ್ತದೆ.

2. ಇತರ ಸಂಸ್ಥೆಗಳ ಉಚಿತ ರಿಸಾಲ್ವರ್: ಗೂಗಲ್ (8.8.8.8, 2009ರಿಂದ), ಕ್ವಾಡ್ ನೈನ್ (9.9.9.9, 2017ರಿಂದ), ಕ್ಲೌಡ್‌ಫ್ಲೇರ್ (1.1.1.1, 2018ರಿಂದ). ಅಪಾಯಕಾರಿ ಎಂದು ಗುರುತಿಸಲಾದ ತಾಣಗಳ ವಿಳಾಸವನ್ನು ಕ್ವಾಡ್ ನೈನ್ ನೀಡುವುದಿಲ್ಲ.

3. ಸ್ವಂತ ಗಣಕಯಂತ್ರದಲ್ಲಿಯೇ ರಿಸಾಲ್ವರ್: ಅನ್‌ಬೌಂಡ್‌ನಂತಹ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಂಡಲ್ಲಿ ಅದು ಮೂಲ ಸರ್ವರುಗಳಿಂದಲೇ ವಿಳಾಸ ಪಡೆಯುತ್ತದೆ. ಮೊದಲ ಹುಡುಕಾಟ ತುಸು ನಿಧಾನವಾಗಬಹುದು. ನಿರ್ವಹಣೆಗೆ ತಾಂತ್ರಿಕ ತಿಳಿವಳಿಕೆ ಅಗತ್ಯ.

ಆಯ್ಕೆಗೆ ಮುನ್ನ ಗಮನಿಸಬೇಕಾದ ಅಂಶಗಳು

* ಬಳಕೆದಾರರು ಯಾವ ತಾಣಗಳ ಹೆಸರನ್ನು ಕೇಳಿದರೆಂಬುದು ರಿಸಾಲ್ವರ್ ನಡೆಸುವವರಿಗೆ ತಿಳಿಯುತ್ತದೆ. ಆದ್ದರಿಂದ ಇದು ಮುಖ್ಯವಾಗಿ ನಂಬಿಕೆಯ ಪ್ರಶ್ನೆ. ಸುರಕ್ಷಿತ ತಾಣದಲ್ಲಿ ಭರ್ತಿ ಮಾಡಿದ ಅರ್ಜಿಯ ವಿವರಗಳು ಮಾತ್ರ ಅವರಿಗೆ ಕಾಣುವುದಿಲ್ಲ.
* ಗೂಢಲಿಪೀಕರಿಸಿದ ಡಿ.ಎನ್.ಎಸ್. ಬಳಸಿದಲ್ಲಿ ಪ್ರಶ್ನೆಗಳು ಮಾರ್ಗಮಧ್ಯದವರಿಗೆ ಗೋಚರಿಸುವುದಿಲ್ಲ. ಆದರೆ ರಿಸಾಲ್ವರಿಗೆ ಗೋಚರಿಸುತ್ತವೆ.
* ಕಚೇರಿ ಅಥವಾ ಕಾಲೇಜಿನ ಆಂತರಿಕ ತಾಣಗಳು ಹೊರಗಿನ ರಿಸಾಲ್ವರಿನಿಂದ ತೆರೆಯದಿರಬಹುದು.
* ಬದಲಾವಣೆಗೆ ಮುನ್ನ ಹಳೆಯ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು.

ಎಚ್ಚರಿಕೆ

2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್.ಬಿ.ಐ. ಬಯಲಿಗೆಳೆದ ಡಿ.ಎನ್.ಎಸ್. ಚೇಂಜರ್ ಪ್ರಕರಣದಲ್ಲಿ, 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಗಣಕಯಂತ್ರಗಳ ಈ ಸೆಟ್ಟಿಂಗನ್ನು ಕುತಂತ್ರಾಂಶವೊಂದು ಮಾಲೀಕರಿಗೆ ತಿಳಿಯದಂತೆ ಬದಲಾಯಿಸಿತ್ತು. ಬಳಕೆದಾರರು ವಂಚಕರ ತಾಣಗಳಿಗೆ ಒಯ್ಯಲ್ಪಟ್ಟರು. ಆದುದರಿಂದ ಗಣಕಯಂತ್ರ ಹಾಗೂ ರೂಟರ್ ಎರಡರಲ್ಲಿಯೂ ಅಪರಿಚಿತ ಸಂಖ್ಯೆಗಳಿವೆಯೇ ಎಂದು ಪರಿಶೀಲಿಸುವುದು ಸೂಕ್ತ. ಬ್ರೌಸರ್ ಭದ್ರತಾ ಪ್ರಮಾಣಪತ್ರದ ಎಚ್ಚರಿಕೆ ತೋರಿಸಿದಲ್ಲಿ ಆಧಾರ್ ಸಂಖ್ಯೆ, ಪಾಸ್‌ವರ್ಡ್ ಅಥವಾ ಒ.ಟಿ.ಪಿ.ಯನ್ನು ನಮೂದಿಸಬಾರದು. ತಾಣದ ಹೆಸರನ್ನೇ ತಪ್ಪಾಗಿ ಟೈಪ್ ಮಾಡಿದಲ್ಲಿ ಯಾವ ರಿಸಾಲ್ವರ್ ಸಹ ಅದನ್ನು ತಿದ್ದುವುದಿಲ್ಲ.

ವಿ.ಸೂ.: ಅರ್ಜಿ ಸಲ್ಲಿಸಲು ಡಿ.ಎನ್.ಎಸ್. ಬದಲಾವಣೆ ಕಡ್ಡಾಯವಲ್ಲ. ಹಾಗೆ ಬದಲಾಯಿಸುವಂತೆ ದೂರವಾಣಿಯಲ್ಲಿ ಸೂಚಿಸುವ ಅಪರಿಚಿತರ ಮಾತನ್ನು ನಂಬಬಾರದು.