ಬರ್ರಿ, ಕೂಡ್ರಿ: ನಮ್ಮ ಪಡಸಾಲೆಗೆ ಕುರ್ಚಿ ಬಂದ ಕತೆ

ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲ ಮಾತು "ಬರ್ರಿ, ಕೂಡ್ರಿ". ಆಮೇಲೆ ಒಂದು ಚರಗಿ ನೀರು. ಮಾತು ಎಲ್ಲರಿಗೂ ಒಂದೇ. ಆದರೆ ಎಲ್ಲಿ ಕೂಡಬೇಕು, ಯಾವುದರ ಮೇಲೆ ಕೂಡಬೇಕು ಅನ್ನುವುದು ಎಲ್ಲರಿಗೂ ಒಂದೇ ಆಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಮನೆಯ ಪಡಸಾಲೆಗೆ ಟೈಲ್ಸ್ ಹಾಕಿಸಿದೆವು. ಅಟ್ಟ ಖಾಲಿ ಮಾಡುವಾಗ ಎರಡು ಜಮಖಾನ, ಒಂದು ಹೊರಸು, ಏಳೆಂಟು ಮಣೆ, ಕೈ ಮುರಿದ ಒಂದು ಕಟ್ಟಿಗೆ ಕುರ್ಚಿ ಸಿಕ್ಕವು. ಅಜ್ಜಿ ಅದನ್ನು "ಸಾಹೇಬ್ರ ಕುರ್ಚಿ" ಅಂದಳು. ಮನೆಗೆ ಅಧಿಕಾರಿ ಯಾರಾದರೂ ಬಂದಾಗ ಮಾತ್ರ ಅದನ್ನು ಇಳಿಸಿ, ಒರೆಸಿ ಹಾಕುತ್ತಿದ್ದರಂತೆ. ಅವರು ಹೋದ ಮೇಲೆ ಮತ್ತೆ ಅಟ್ಟಕ್ಕೆ. "ನಾ ಅದರ ಮ್ಯಾಲೆ ಒಂದಿನಾನೂ ಕುಂತಿಲ್ಲ ನೋಡು" ಅಂದಳು. ಈ ಬರಹ ಶುರುವಾದದ್ದು ಆ ಮಾತಿನಿಂದ.

ಕುರ್ಚಿ ಬರುವ ಮೊದಲು ನಮ್ಮ ಮನೆಗಳಲ್ಲಿ ಏನಿತ್ತು? ಬಹಳ ಇತ್ತು. ಈಚಲು ಗರಿಯ ಚಾಪೆ, ಕೆರೆಯ ಜೊಂಡಿನ ಚಾಪೆ, ಕರಾವಳಿಯಲ್ಲಾದರೆ ಮುಂಡುಗದ ಚಾಪೆ. ಅದರ ಮೇಲೆ ಕುರಿ ಉಣ್ಣೆಯ ಕರಿ ಕಂಬಳಿ. ಹಬ್ಬಕ್ಕೆ, ಬೀಗರು ಬಂದಾಗ, ಪಂಚಾಯ್ತಿ ಕೂಡಿದಾಗ ಜಮಖಾನ. ಮಲಗುವಾಗ ಹಳೇ ಸೀರೆ, ಧೋತರ ಪದರು ಪದರಾಗಿ ಜೋಡಿಸಿ ಹೊಲಿದ ಕೌದಿ. ಊಟಕ್ಕೆ ಮಣೆ. ಮುಂಜಾನೆ ಎಲ್ಲ ಸುತ್ತಿ ನಾಗೊಂದಿಗೆ ಏರಿಸಿದರೆ ಅದೇ ಜಾಗದಲ್ಲಿ ಶೇಂಗಾ ಸುಲಿಯಬಹುದು, ಲೆಕ್ಕ ಬರೆಯಬಹುದು, ರಾತ್ರಿ ಹತ್ತು ಜನ ಮಲಗಬಹುದು. ಬೆಡ್‌ರೂಮು, ಡೈನಿಂಗ್ ಹಾಲು ಅಂತ ಬೇರೆ ಬೇಕಿರಲಿಲ್ಲ. ಕೋಣೆ ಯಾವುದು ಅಂತ ಹಾಸುವ ವಸ್ತುವೇ ತೀರ್ಮಾನಿಸುತ್ತಿತ್ತು. ಮನೆಯ ಕಟ್ಟಡವೂ ನೆಲದ ಮೇಲೆ ಕೂತವರ ಕಣ್ಣಿನ ಅಳತೆಗೇ ಇತ್ತು. ಹಳೇ ಮನೆಗಳಲ್ಲಿ ಎಷ್ಟೋ ಕಿಟಕಿಗಳು ಮೊಣಕಾಲೆತ್ತರದಲ್ಲೇ ಶುರುವಾಗುತ್ತವೆ. ದೀಪದ ಮಾಡವೂ ಕೂತಲ್ಲಿಂದಲೇ ಕೈಗೆ ಸಿಗುತ್ತದೆ.

ಇವತ್ತು ಯೂಟ್ಯೂಬಿನಲ್ಲಿ ಮನೆ ಅಲಂಕಾರದವರು ಹೇಳುವ "ಪದರು ಪದರಾಗಿ ಹಾಸಿ, ಬಣ್ಣ ಹೊಂದಿಸಿ" ಅನ್ನುವ ಮಾತು ನೋಡಿದರೆ ನನಗೆ ನಗು ಬರುತ್ತದೆ. ಚಾಪೆ, ಕಂಬಳಿ, ಜಮಖಾನ, ಕೌದಿ ಎಲ್ಲ ಒಂದಕ್ಕೊಂದು ಹೊಂದುತ್ತಿದ್ದದ್ದು ಯಾರೋ ಹೊಂದಿಸಿದ್ದಕ್ಕಲ್ಲ. ಎಲ್ಲವೂ ಅದೇ ಸುತ್ತಮುತ್ತಲಿನ ಹೊಲ, ಕೆರೆ, ಕುರಿ ಹಿಂಡು, ಮಗ್ಗದಿಂದ ಬಂದವು.

ಜಮಖಾನದ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು, ತಮ್ಮ ಮನೆಯೊಳಗೇ, ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು. ಅವರ ಹಿರಿಯರು ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದ ಕಡೆಯಿಂದ ಬಂದವರು ಎಂದು ಹೇಳುತ್ತಾರೆ. ನವಿಲು, ಪಗಡೆ ಹಾಸಿನಂಥ ಚೌಕಗಳು ಅದರ ಗುರುತು. ಊರ ಗೌಡರು, ಶೆಟ್ಟರು, ಮಠದವರು ಕೂತ ಜಮಖಾನವನ್ನು ನೇಯ್ದ ಕೈಗಳು ಆ ಸಭೆಗಳಲ್ಲಿ ಎಂದೂ ಕೂತಿರಲಿಕ್ಕಿಲ್ಲ. ಈಗ ನೇಯುವವರೇ ಬಹಳ ಕಡಿಮೆ.

ನೆಲದ ಮೇಲೆ ಕೂಡುವುದು ಬಡತನದ ಗುರುತು ಅಂತ ತಿಳಿಯಬೇಡಿ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ರಾಜನ ಊಟವನ್ನು ಮೂರು ಕಾಲಿನ ದುಂಡನೆಯ ಬಂಗಾರದ ಪೀಠದ ಮೇಲೆ ಇಡುತ್ತಿದ್ದರು ಎಂದು ಬರೆದಿದ್ದಾನೆ. ಬಂಗಾರ ಬಿಟ್ಟರೆ ನಮ್ಮ ಅಡುಗೆಮನೆಯ ಮಣೆಯ ದೊಡ್ಡಣ್ಣ ಅದು.

ಆದರೆ ನೆಲವೆಂದರೆ ಎಲ್ಲರೂ ಸಮ ಅಂತಲೂ ಅಲ್ಲ. ನಮ್ಮ ಕಡೆಯ ಮನೆಗಳ ನಕ್ಷೆ ನೆನಪಿಸಿಕೊಳ್ಳಿ. ಹೊರಗೆ ಕಟ್ಟೆ. ಬಾಗಿಲು ದಾಟಿದರೆ ದನ ಕಟ್ಟುವ ಜಾಗ. ಅದಕ್ಕಿಂತ ಮೊಳದೆತ್ತರ ಪಡಸಾಲೆ. ಅದರ ಹಿಂದೆ ನಡುಮನೆ, ಅಡುಗೆಮನೆ, ದೇವರ ಜಗಲಿ. ಒಂದೊಂದು ಮೆಟ್ಟಿಲೂ ಒಂದೊಂದು ತಡೆ. ಬೀಗರು ಪಡಸಾಲೆಯ ಜಮಖಾನದವರೆಗೆ. ಹೊಲಕ್ಕೆ ಬರುವ ದಲಿತ ಆಳು ಕಟ್ಟೆಯ ಕೆಳಗೆ, ಬರೀ ಅಂಗಳದಲ್ಲಿ. ಮನೆಯ ಹೆಣ್ಣುಮಕ್ಕಳಿಗೆ ಒಳಗೆ ಪೂರ್ತಿ ಓಡಾಟ, ಆದರೆ ಮಾವ ಕೂತಿದ್ದರೆ ಪಡಸಾಲೆಗೆ ಬರುವಂತಿಲ್ಲ; ತಿಂಗಳಿಗೆ ಮೂರು ದಿನ ಹೊರಗೇ. ಚಂದದ ತೊಟ್ಟಿಮನೆಗಳ ಫೋಟೊ ಹಾಕಿ "ಹಿಂದಿನವರು ಎಷ್ಟು ಒಗ್ಗಟ್ಟಾಗಿದ್ದರು" ಅಂತ ಬರೆಯುವವರು ಈ ಮೆಟ್ಟಿಲುಗಳನ್ನು ಎಣಿಸುವುದಿಲ್ಲ.

ಡಾ. ಅಂಬೇಡ್ಕರ್ ತಮ್ಮ ಬಾಲ್ಯದ ನೆನಪುಗಳಲ್ಲಿ ಒಂದು ಗೋಣಿತಟ್ಟಿನ ಕತೆ ಹೇಳಿದ್ದಾರೆ. ಸಾತಾರಾದ ಶಾಲೆಯಲ್ಲಿ ಅವರು ಒಬ್ಬರೇ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂಡಬೇಕಿತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಹುಡುಗ ದಿನಾ ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕು. ಹಾಸುವ ವಸ್ತುವಿಗೂ ಜಾತಿ ಅಂಟುತ್ತಿತ್ತು.

ಇಂಥ ಮನೆಗೆ ಕುರ್ಚಿ ಬಂತು. ಪದವೇ ನಮ್ಮದಲ್ಲ. ಅರಬ್ಬಿಯ ಕುರ್ಸಿ ಪರ್ಷಿಯನ್ ದಾರಿಯಲ್ಲಿ ಬಂದು ಕುರ್ಚಿಯಾಯಿತು. ಅಲಮಾರು ಪೋರ್ಚುಗೀಸರದು, ಬೆಂಚು ಇಂಗ್ಲಿಷರದು. ಸೋಫಾದ ಮೂಲವೂ ಅರಬ್ಬಿಯೇ, ಸುಫ್ಫಾ, ಅಂದರೆ ಕೂಡಲು ಮಾಡಿದ ಎತ್ತರದ ಜಗಲಿ. ನಮ್ಮ ಕಟ್ಟೆಯೇ ಊರೂರು ತಿರುಗಿ ಸ್ಪಂಜು ತುಂಬಿಸಿಕೊಂಡು ವಾಪಸ್ ಬಂದಂತೆ!

ಸಿಂಹಾಸನ, ಪೀಠ ಮೊದಲೂ ಇದ್ದವು, ದೇವರಿಗೆ, ದೊರೆಗೆ, ಗುರುವಿಗೆ. ಬ್ರಿಟಿಷರ ಕಾಲದಲ್ಲಿ ಕುರ್ಚಿ ಕಚೇರಿಯ ಗುರುತಾಯಿತು. ಪಂಜಾಬಿನ ಕಡೆಯಂತೂ ಸಾಹೇಬರ ಎದುರು ಕುರ್ಚಿಯ ಮೇಲೆ ಕೂಡುವ ಹಕ್ಕು ಯಾರಿಗಿದೆ ಎಂದು ಸರ್ಟಿಫಿಕೇಟೇ ಕೊಡುತ್ತಿದ್ದರು. ಅಂಥವನನ್ನು "ಕುರ್ಸಿ ನಶೀನ್" ಎನ್ನುತ್ತಿದ್ದರು. ಕೂಡುವುದಕ್ಕೂ ಕಾಗದ ಬೇಕು ಅನ್ನುವ ಕಾಲ.

ಹೀಗೆ ಕಚೇರಿಯಿಂದ ಹೊರಟ ಕುರ್ಚಿ ಊರಿಗೆ ಬಂದಾಗ ಗೌಡರ, ಕುಲಕರ್ಣಿಯವರ, ಸಾಹುಕಾರರ ಪಡಸಾಲೆಗೆ ಬಂತು. ಆಮೇಲೆ ಮಾಸ್ತರರ ಮನೆಗೆ. ಮನೆಗೊಂದು, ಹೆಚ್ಚೆಂದರೆ ಎರಡು. ಎಲ್ಲರೂ ನೆಲದಲ್ಲಿ ಕೂತಾಗ ಒಬ್ಬ ಮಾತ್ರ ಮೇಲೆ ಕೂತರೆ ಕೋಣೆಯ ಲೆಕ್ಕವೇ ಬದಲಾಗುತ್ತದೆ. ಜಮಖಾನದಲ್ಲಿ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಕೊಡಬಹುದು. ಕುರ್ಚಿಯಲ್ಲಿ ಹಾಗೆ ಆಗುವುದಿಲ್ಲ. ಒಬ್ಬ ಎದ್ದರೇ ಇನ್ನೊಬ್ಬ ಕೂಡಬೇಕು. ರಾಜಕೀಯದ ಜಗಳಕ್ಕೆಲ್ಲ "ಕುರ್ಚಿ" ಅನ್ನುವ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ನಿಜವಾದ ಬದಲಾವಣೆ ತಂದದ್ದು ಪ್ಲಾಸ್ಟಿಕ್ ಕುರ್ಚಿ. 1972ರಲ್ಲಿ ಫ್ರಾನ್ಸಿನ ಹೆನ್ರಿ ಮಸ್ಸೊನೆ ಎಂಬಾತ ಒಂದೇ ಅಚ್ಚಿನಲ್ಲಿ ಎರಡು ನಿಮಿಷದೊಳಗೆ ಇಡೀ ಕುರ್ಚಿ ತಯಾರಿಸುವ ಬಗೆ ತಂದ. ಬಡಗಿ ಬೇಡ, ಮೊಳೆ ಬೇಡ. ತೊಂಬತ್ತರ ದಶಕದಿಂದ ಅದು ನಮ್ಮ ಸಂತೆಗಳಿಗೂ ಬಂತು, ಒಂದರೊಳಗೊಂದು ಪೇರಿಸಿ ಟೆಂಪೊದಲ್ಲಿ ತುಂಬಿಕೊಂಡು. ಮದುವೆ, ಮಣ್ಣು, ಜಾತ್ರೆ ಎಲ್ಲದಕ್ಕೂ ಅದೇ. ನೋಡಲು ಚಂದ ಇಲ್ಲ, ಬಿಸಿಲಿಗೆ ಸೀಳುತ್ತದೆ, ಮಣ್ಣಲ್ಲಿ ಕರಗುವುದಿಲ್ಲ. ಆದರೂ ನನಗೆ ಅದರ ಮೇಲೆ ಗೌರವ. ಅಟ್ಟದ ಮೇಲಿದ್ದ ಸಾಹೇಬ್ರ ಕುರ್ಚಿಗೆ ಯಾವ ಕಾನೂನೂ ಮಾಡದ ಅವಮಾನವನ್ನು ಅದು ಮಾಡಿತು: ಕೂಡುವ ಎತ್ತರವನ್ನು ಅಗ್ಗ ಮಾಡಿತು.

ಪೂರ್ತಿ ಅಲ್ಲ. 2020ರ ಅಕ್ಟೋಬರದಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಒಂದು ಪಂಚಾಯ್ತಿಯ ಫೋಟೊ ನಿಮ್ಮ ಫೋನಿಗೂ ಬಂದಿರಬಹುದು. ಸದಸ್ಯರೆಲ್ಲ ಕುರ್ಚಿಯ ಮೇಲೆ, ಗೆದ್ದು ಬಂದ ದಲಿತ ಅಧ್ಯಕ್ಷೆ ನೆಲದ ಮೇಲೆ. ಕುರ್ಚಿ ಅಗ್ಗವಾಗಿದ್ದರೂ ಅಲ್ಲಿ ಅವರಿಗೆ ಸಿಗಲಿಲ್ಲ.

ಈಗ ನಮ್ಮ ಪಡಸಾಲೆಯಲ್ಲಿ ಬಿಳಿ ಟೈಲ್ಸ್. ಸಗಣಿ ಸಾರಿಸಿದ ನೆಲವಾಗಲಿ, ಶಹಾಬಾದ್ ಫರಸಿಯಾಗಲಿ ಇಷ್ಟು ಜಾರುತ್ತಿರಲಿಲ್ಲ, ಚಳಿಗಾಲದಲ್ಲಿ ಇಷ್ಟು ತಣ್ಣಗಿರುತ್ತಿರಲಿಲ್ಲ. ಅಜ್ಜಿ ಈಗ ಕುರ್ಚಿಯಲ್ಲೇ ಕೂಡುತ್ತಾಳೆ, ಮೊಣಕಾಲು ನೋವಿಗೆ. "ನಿಮ್ಮಜ್ಜ ಇದ್ದಿದ್ರ ಕೂಡತಿರಲಿಲ್ಲ" ಅನ್ನುತ್ತಾಳೆ.

ಟೈಲ್ಸ್ ಹಾಕಿದ ವಾರ, ಅಜ್ಜನ ಕಾಲದಿಂದ ನಮ್ಮ ಹೊಲ ಮಾಡಿಕೊಂಡು ಬಂದ ಕೇರಿಯ ಕಾಕಾ ಬಂದಿದ್ದರು. ಮಗಳ ಮಗಳ ಮದುವೆ ಕಾಗದ ಕೊಡಲು. ಅವ್ವ ಕೆಂಪು ಕುರ್ಚಿ ಎಳೆದು "ಬರ್ರಿ ಕಾಕಾ, ಒಳಗ ಕೂಡ್ರಿ" ಅಂದಳು. "ಇಲ್ಲೇ ಆರಾಮ ಐತಿ ತಾಯಿ" ಅಂತ ಅವರು ಕಟ್ಟೆಯ ಅಂಚಿಗೆ ಕೂತರು. ಅವ್ವ ಕುರ್ಚಿಯನ್ನು ಹೊರಗೆ ತಂದು ಅವರ ಪಕ್ಕ ಇಟ್ಟಳು. ಅವರು ಅದರ ಮೇಲೆ ತಮ್ಮ ಟವೆಲು ಹಾಕಿ ಮಾತಾಡುತ್ತ ಕೂತರು. ಮದುವೆಗೆ ನೂರೈವತ್ತು ಕುರ್ಚಿ ಹೇಳಿದ್ದಾರಂತೆ. "ಎಲ್ಲಾರೂ ಬರಬೇಕ್ರಿ" ಅಂದರು. ನಾವು ಹೋಗಿದ್ದೆವು, ಅಲ್ಲೇ ಊಟ ಮಾಡಿದೆವು. ಅಜ್ಜಿ ಮಾತ್ರ ಬರಲಿಲ್ಲ.